ತಕ್ಕಡಿಯಲ್ಲಿ ಆರು ಹೆಚ್ಚು

ಜೂನ್ 2, ಸೋಮವಾರ

ಮಗಳನ್ನು ಆಸ್ಪತ್ರೆಗೆ ಸೇರಿಸಿ ಬಂದೆವು. ಏಳನೇ ತಿಂಗಳು, ಬಿ.ಪಿ. ಏರಿದೆ. ಹಾಸಿಗೆ ಬಿಟ್ಟು ಏಳಕೂಡದು, ಫೋನ್ ಮುಟ್ಟಕೂಡದು, ಯಾವುದರ ಬಗ್ಗೆಯೂ ಚಿಂತೆ ಮಾಡಕೂಡದು ಎಂದು ಡಾಕ್ಟರಮ್ಮ ಹೇಳಿದರು. ಹೇಳಿದ ಕೂಡಲೇ ಚಿಂತೆ ನಿಲ್ಲುವುದಾದರೆ ನನ್ನ ಬಿ.ಪಿ. ಯಾವತ್ತೋ ಇಳಿಯಬೇಕಿತ್ತು.

ಹೊರಡುವಾಗ ಅವಳು ತನ್ನ ಫೋನನ್ನು ನನ್ನ ಕೈಗಿಟ್ಟಳು. ಗಂಡನೂ ಅಲ್ಲೇ ನಿಂತಿದ್ದರು, ಅಮ್ಮನೂ ನಿಂತಿದ್ದಳು. ಅವರಿಬ್ಬರೂ ಔಷಧಿ ತರಲು ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದಳು: "ಅಪ್ಪಾ, ದಿನಾ ಬೆಳಿಗ್ಗೆ ಸಂಜೆ ಈ ಅಂಕಿ ನೋಡು. ಒಂದು ಪಾಯಿಂಟ್ ಎರಡಕ್ಕಿಂತ ಕೆಳಗಿಳಿದ್ರೆ ನನಗೆ ಹೇಳು, ಡಾಕ್ಟ್ರು ಬೈದ್ರೂ ಪರವಾಗಿಲ್ಲ. ಫೋನ್ ಮಾತ್ರ ಅವರ ಕೈಗೆ ಕೊಡಬೇಡ."

ಅವರು ಎಂದರೆ ಗಂಡ. ಯಾಕೆಂದು ನಾನು ಕೇಳಲಿಲ್ಲ. ನನಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಳಿದಷ್ಟನ್ನು ಬರೆದಿಡುತ್ತೇನೆ. ಮಗಳು ಕಿವಿ ಪರೀಕ್ಷೆ ಮಾಡುವವಳು. ನಾಲ್ಕು ವರ್ಷ ಒಂದು ಕಂಪನಿಗೆ ಮನೆಯಲ್ಲೇ ಕೂತು ಕೆಲಸ ಮಾಡಿಕೊಟ್ಟು ಸಂಬಳವನ್ನು ಕ್ರಿಪ್ಟೊ ಕಾಯಿನ್‌ಗಳಲ್ಲಿ ಪಡೆದಳು. ಕೂಡಿಟ್ಟದ್ದು ನಲವತ್ತು ಕಾಯಿನ್. ಈಗ ಸ್ವಂತ ಕ್ಲಿನಿಕ್ ತೆರೆಯುವ ಆಸೆ. ಕಾಯಿನ್ ಮಾರಲು ಮನಸ್ಸಿಲ್ಲದೆ ಅವನ್ನು ಒತ್ತೆಯಿಟ್ಟು ಸಾಲ ಎತ್ತಿದ್ದಾಳೆ. ಸಾಲ ಕೊಟ್ಟದ್ದು ಬ್ಯಾಂಕಲ್ಲ, ಕೌಂಟರಿನಲ್ಲಿ ಮನುಷ್ಯರೇ ಇಲ್ಲದ ಒಂದು ಕಂಪ್ಯೂಟರ್ ವ್ಯವಸ್ಥೆ. ಆ ಸಾಲದಲ್ಲಿ ಹೊರಗಿನ ಸದ್ದು ಒಳಗೆ ಬಾರದಂಥ ಪರೀಕ್ಷಾ ಕೋಣೆಯ ಗೋಡೆಗಳು ಬಂದಿವೆ. ಬಾಗಿಲಿಗೂ ಯಂತ್ರಕ್ಕೂ ಇದೇ ಒತ್ತೆಯ ಮೇಲೆ ಇನ್ನಷ್ಟು ಎತ್ತಬೇಕು. ಒತ್ತೆ ಹೋದರೆ ಕ್ಲಿನಿಕ್ಕೂ ಹೋಯಿತು.

ಅಂಕಿಯ ಲೆಕ್ಕ ಹೀಗಿದೆ. ಇವತ್ತು ಒಂದು ಕಾಯಿನ್‌ಗೆ ನೂರು. ನಲವತ್ತಕ್ಕೆ ನಾಲ್ಕು ಸಾವಿರ. ಅದರಲ್ಲಿ ನೂರಕ್ಕೆ ಎಂಬತ್ತನ್ನು ಮಾತ್ರ ವ್ಯವಸ್ಥೆ ಲೆಕ್ಕಕ್ಕೆ ಹಿಡಿಯುತ್ತದೆ, ಅಂದರೆ ಮೂರು ಸಾವಿರದ ಇನ್ನೂರು. ಸಾಲ ಎರಡು ಸಾವಿರ. ಭಾಗಿಸಿದರೆ 1.6. ಈ ಅಂಕಿ ಒಂದಕ್ಕಿಂತ ಕೆಳಗಿಳಿದ ಕ್ಷಣ ವ್ಯವಸ್ಥೆ ತಾನೇ ಒತ್ತೆಯನ್ನು ಸಿಕ್ಕ ಬೆಲೆಗೆ ಮಾರಿ, ಸಾಲದ ಜೊತೆಗೆ ಹತ್ತು ಪರ್ಸೆಂಟ್ ದಂಡವನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೆ ಲಿಕ್ವಿಡೇಶನ್ ಅನ್ನುತ್ತಾರೆ. ನೋಟಿಸ್ ಇಲ್ಲ, ಗಡುವಿಲ್ಲ, ಕೈಕಾಲು ಹಿಡಿಯೋಣವೆಂದರೆ ಕೈಕಾಲಿರುವವರೇ ಇಲ್ಲ. ನಿಜವಾದ ಮೊತ್ತಗಳಿಗೆ ಇನ್ನಷ್ಟು ಸೊನ್ನೆಗಳಿವೆ. ಈ ಪುಸ್ತಕ ಯಾರ ಕೈಗಾದರೂ ಸಿಕ್ಕೀತೆಂದು ಅವನ್ನು ಬಿಟ್ಟಿದ್ದೇನೆ.

ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವನಿಗೆ ಮಗಳು ಸರಿಯಾದ ಕೆಲಸವನ್ನೇ ಕೊಟ್ಟಿದ್ದಾಳೆ.

ಜೂನ್ 5, ಗುರುವಾರ

ಬೆಲೆ 92. ಅಂಕಿ 1.47. ಕಾಗದದ ಮೇಲೆ ನಾನು ಹಾಕಿದ ಲೆಕ್ಕವೂ 1.47. ತಕ್ಕಡಿ ಸದ್ಯಕ್ಕೆ ನೆಟ್ಟಗಿದೆ.

ಸಂಜೆ ಆಸ್ಪತ್ರೆಯಲ್ಲಿ ಅಳಿಯಂದಿರು ಸಿಕ್ಕರು. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಕೈಯಲ್ಲಿ ಗ್ರೀಸಿನ ವಾಸನೆ, ಬಾಯಲ್ಲಿ ಎಣಿಸಿ ಮೂರು ಮಾತು. ಮದುವೆಯಾಗಿ ಮೂರು ವರ್ಷವಾದರೂ ಈ ಮನುಷ್ಯ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾರೆಂದು ನನಗೆ ಗೊತ್ತಾಗಿಲ್ಲ. ಹೆಚ್ಚು ಮಾತಾಡುವವರನ್ನು ನಾನು ನಂಬುವುದಿಲ್ಲ. ಕಡಿಮೆ ಮಾತಾಡುವವರನ್ನು ಇನ್ನೂ ಕಡಿಮೆ ನಂಬುತ್ತೇನೆ.

"ಮಾವ, ನಂಬರ್ ಎಷ್ಟಿದೆ?" ಎಂದು ಕೇಳಿದರು.

"ಯಾಕೆ?"

"ಸುಮ್ನೆ ಕೇಳ್ದೆ."

ಚೆನ್ನಾಗಿದೆ ಎಂದಷ್ಟೇ ಹೇಳಿ ಫೋನನ್ನು ಒಳಜೇಬಿಗೆ ಹಾಕಿಕೊಂಡೆ. ಅವರು ಜೇಬನ್ನೇ ನೋಡಿದರು.

ಜೂನ್ 8, ಭಾನುವಾರ

ಏನೋ ಎಡವಟ್ಟಾಗಿದೆ.

ಬೆಲೆ 85ಕ್ಕೆ ಇಳಿದಿದೆ. ನನ್ನ ಲೆಕ್ಕಕ್ಕೆ 1.36 ಬರಬೇಕು. ಫೋನ್ 1.43 ತೋರಿಸುತ್ತಿದೆ. ಮೂರು ಸಲ ಭಾಗಿಸಿದೆ. ಕನ್ನಡಕ ಒರೆಸಿ ಮತ್ತೆ ಭಾಗಿಸಿದೆ. ಕೊನೆಗೆ ಒತ್ತೆಯ ಸಾಲಿನತ್ತ ಕಣ್ಣು ಹೋಯಿತು: ನಲವತ್ತೆರಡು ಕಾಯಿನ್.

ನಲವತ್ತಿದ್ದದ್ದು ನಲವತ್ತೆರಡಾಗುವುದು ಹೇಗೆ? ಕಾಯಿನ್ ಮೊಟ್ಟೆಯಿಡುವುದಿಲ್ಲ.

ನನ್ನವಳಿಗೆ ತೋರಿಸಿದೆ. "ಹೆಚ್ಚಾಗಿದ್ರೆ ಒಳ್ಳೇದೇ ಅಲ್ವಾ? ಕಡಿಮೆಯಾದಾಗ ಅನುಮಾನ ಪಡಿ" ಎಂದು ಪಾತ್ರೆ ಉಜ್ಜುವುದನ್ನು ಮುಂದುವರಿಸಿದಳು. ಇಷ್ಟು ವರ್ಷ ಸಂಸಾರ ಮಾಡಿಯೂ ಇಲಾಖೆಯ ಗಾಳಿ ಇವಳಿಗೆ ಸೋಕಿಲ್ಲ. ತೂಕ ಕಡಿಮೆ ತೋರಿಸುವವನು ಚಿಲ್ಲರೆ ಕಳ್ಳ, ಒಂದು ಬೀದಿಗೆ ಹತ್ತು ಮಂದಿ ಸಿಗುತ್ತಿದ್ದರು. ಕೇಳದೆಯೇ ಹೆಚ್ಚು ಹಾಕಿ ಕೊಡುವವನನ್ನು ಕಂಡರೆ ನಾವು ಅಂಗಡಿಯ ಬಾಗಿಲು ಮುಚ್ಚಿಸಿ ತಪಾಸಣೆ ಮಾಡುತ್ತಿದ್ದೆವು.

ಜೂನ್ 9, ಸೋಮವಾರ

ಇನ್ನೂ 42. ನಿದ್ದೆ ಸರಿಯಾಗಲಿಲ್ಲ. ಮಗಳಿಗೆ ಹೇಳಿಲ್ಲ.

ಜೂನ್ 11, ಬುಧವಾರ

ಬೆಲೆ 80. ನಲವತ್ತಕ್ಕಾದರೆ 1.28 ಇರಬೇಕು. ಫೋನಿನಲ್ಲಿ 1.47! ಒತ್ತೆ ಈಗ ನಲವತ್ತಾರು. ಆರು ಹೆಚ್ಚು.

ಕೂತು ಯೋಚಿಸಿದೆ. ಈ ಖಾತೆಯ ಬೀಗದ ಕೈ ಎಂದರೆ ಹನ್ನೆರಡು ಗುಟ್ಟಿನ ಪದಗಳು. ಅವು ಮಗಳಿಗೆ ಗೊತ್ತು, ಅವಳ ಫೋನು ನನ್ನ ಹತ್ತಿರ ಇದೆ. ಮೂರನೆಯವರು ಯಾರೋ ಒಳಗೆ ಬಂದು ಕಾಯಿನ್ ಇಟ್ಟು ಹೋಗಿದ್ದಾರೆ. ಇಡಲು ಬಂದವನಿಗೆ ತೆಗೆಯಲೂ ಬರುತ್ತದೆ. ಇವತ್ತು ಆರು ಇಟ್ಟವನು ನಾಳೆ ತನ್ನ ಆರನ್ನು ತೆಗೆಯುವ ನೆಪದಲ್ಲಿ ನಲವತ್ತನ್ನೂ ಬಳಿದುಕೊಂಡು ಹೋದರೆ? ಮೊದಲು ಒಂದು ಲೋಟ ಕುಡಿಸಿ ಆಮೇಲೆ ಕೊಡವನ್ನೇ ಹೊತ್ತೊಯ್ಯುವ ಆಸಾಮಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಅಥವಾ ಪಾಲುದಾರಿಕೆಯ ಹೂಟ. ನಾಳೆ ಕ್ಲಿನಿಕ್ ಎದ್ದು ನಿಂತ ಮೇಲೆ "ಇದರಲ್ಲಿ ನನ್ನದೂ ಇತ್ತು" ಎಂದು ಒಬ್ಬರು ಎದೆ ಸೆಟೆಸಿ ಬರಬಹುದು. ಯಾರು ಬರಬಹುದು ಎಂದು ನನಗೆ ಗೊತ್ತು. ಫೋನ್ ಅವರ ಕೈಗೆ ಕೊಡಬೇಡ ಎಂದು ಮಗಳು ಸುಮ್ಮನೆ ಹೇಳಿದ್ದಲ್ಲ.

ಜೂನ್ 14, ಶನಿವಾರ

ಇವತ್ತು ಕಣ್ಣಾರೆ ಕಂಡದ್ದು: ಅಳಿಯಂದಿರು ಆಸ್ಪತ್ರೆಗೆ ಬಸ್ಸಿನಲ್ಲಿ ಬಂದರು. ಬೈಕ್ ಎಲ್ಲಿ ಎಂದರೆ "ಇಲ್ಲ ಮಾವ" ಎಂದರು. ಇಲ್ಲ ಎಂದರೇನು? ಕೆಟ್ಟಿದೆಯೇ, ಕಳೆದಿದೆಯೇ, ಅಡವಿಟ್ಟಿದ್ದಾರೆಯೇ? ಅಷ್ಟರಲ್ಲಿ ನನ್ನವಳು ನಡುವೆ ಬಾಯಿ ಹಾಕಿ ಸೂಪು ಆರುತ್ತಿದೆ ಎಂದು ಮಾತು ತಿರುಗಿಸಿದಳು. ಸೂಪಿನಿಂದ ಹೊಗೆ ಏಳುತ್ತಿತ್ತು. ಇವಳೂ ಅವರ ಜೊತೆ ಸೇರಿದ್ದಾಳೋ ಏನೋ.

ರಾತ್ರಿ ಪಾಳಿ ಬೇರೆ ಹಿಡಿದಿದ್ದಾರಂತೆ. ಕಣ್ಣು ಕೆಂಪಗಾಗಿದೆ. ಮೊದಲು ಇಲ್ಲದ ಪಾಳಿ ಈಗ ಯಾಕೆ? ಕೈಯಲ್ಲಿ ದುಡ್ಡಿಲ್ಲ ಎಂದಾಯಿತು. ದುಡ್ಡಿಲ್ಲದ ಮನುಷ್ಯ ಹೆಂಡತಿಯ ಒತ್ತೆಯ ಅಂಕಿಯನ್ನು ದಿನಾ ಕೇಳುತ್ತಾನೆ. ಎರಡಕ್ಕೆ ಎರಡು ಸೇರಿಸಲು ನನಗೆ ಬರುತ್ತದೆ.

ಮಗಳ ಕೈ ಊದಿಕೊಂಡಿದೆ. ಉಂಗುರ ತೆಗೆದು ನನ್ನವಳಿಗೆ ಕೊಟ್ಟಳು. ಆ ಕೈ ನೋಡಿ ನನಗೆ ತುಂಬಾ ಭಯವಾಯಿತು.

ಜೂನ್ 17, ಮಂಗಳವಾರ

ಮುಟ್ಟುಗೋಲು ಹಾಕಿಕೊಂಡೆ.

ತಪಾಸಣೆಯ ಕ್ರಮ ನಮ್ಮ ಇಲಾಖೆಯಲ್ಲಿ ಒಂದೇ. ತೂಗುವ ಮೊದಲು ತಟ್ಟೆ ನೋಡು. ಎಲ್ಲಿಂದ ಬಂತೆಂದು ಗೊತ್ತಿಲ್ಲದ್ದು ತಟ್ಟೆಯಲ್ಲಿ ಇದ್ದರೆ ಮೊದಲು ಅದನ್ನು ಇಳಿಸಿ ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತು. ಪ್ರಶ್ನೆಗಳೆಲ್ಲ ಆಮೇಲೆ. ಮೊದಲೇ ಪ್ರಶ್ನೆ ಕೇಳಲು ಹೋದ ಇನ್ಸ್‌ಪೆಕ್ಟರುಗಳು ಮಾತಿನಲ್ಲಿರುವಾಗಲೇ ಸಾಕ್ಷಿ ಮಾಯವಾಗಿರುತ್ತಿತ್ತು.

ಸಂಜೆ ಆರಕ್ಕೆ ಆ ಆರು ಕಾಯಿನ್‌ಗಳನ್ನು ಒತ್ತೆಯಿಂದ ಇಳಿಸಿ ಮಗಳ ವಾಲೆಟ್‌ಗೆ ಹಾಕಿದೆ. ವಾಲೆಟ್ ಎಂದರೆ ಜೇಬಿದ್ದ ಹಾಗೆ, ಒತ್ತೆಗೂ ಅದಕ್ಕೂ ಸಂಬಂಧವಿಲ್ಲ. "ಖಚಿತವೇ?" ಎಂದು ಫೋನ್ ಎರಡು ಸಲ ಕೇಳಿತು. ಎರಡು ಸಲವೂ ಖಚಿತ ಎಂದು ಒತ್ತಿದೆ. ಬೆಲೆ 75. ಅಂಕಿ 1.38 ಇದ್ದದ್ದು 1.20ಕ್ಕೆ ಬಂದು ನಿಂತಿತು. ಮಗಳು ಹೇಳಿದ್ದು 1.2ಕ್ಕಿಂತ ಕೆಳಗಿಳಿದರೆ ಎಂದು. ಇದು ಗೆರೆಯ ಮೇಲಿದೆ, ಕೆಳಗಿಲ್ಲ. ಇಲಾಖೆಯಲ್ಲೂ ಇಂಥದ್ದನ್ನು ನಾವು ಪಾಸು ಮಾಡುತ್ತಿದ್ದೆವು.

ಈಗ ತಟ್ಟೆಯಲ್ಲಿ ಮಗಳ ನಲವತ್ತು ಮಾತ್ರ ಇವೆ. ಲೆಕ್ಕ ತಾಳೆಯಾಯಿತು. ನಾಳೆ ಬೆಳಿಗ್ಗೆ ಅಳಿಯಂದಿರನ್ನು ಕರೆಸಿ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಹತ್ತು ದಿನಗಳ ನಂತರ ಇವತ್ತು ಹೊಟ್ಟೆ ತುಂಬ ಉಂಡೆ.

ಜೂನ್ 18, ಬುಧವಾರ

ಒತ್ತೆ: ನಾಲ್ಕೂವರೆ ಕಾಯಿನ್. ಸಾಲ: ಸೊನ್ನೆ. ಅಂಕಿಯಿದ್ದ ಜಾಗದಲ್ಲಿ ಒಂದು ಅಡ್ಡಗೆರೆ.

ಮೊದಲು ಬಂದ ಯೋಚನೆಯನ್ನು ಮುಚ್ಚಿಡದೆ ಬರೆಯುತ್ತೇನೆ: ಕೊನೆಗೂ ಕೈ ಹಾಕಿಬಿಟ್ಟ ಎಂದುಕೊಂಡೆ. ಸಿಟ್ಟು ಬಂತು, ಜೊತೆಗೆ ನನ್ನ ಅನುಮಾನ ನಿಜವಾಯಿತೆಂಬ ಒಂದು ಬಗೆಯ ಸಮಾಧಾನವೂ ಆಯಿತು.

ಆಮೇಲೆ ವಹಿವಾಟಿನ ಪಟ್ಟಿ ತೆಗೆದೆ. ಬೆಳಗಿನ ಜಾವ ಬೆಲೆ ದಿಢೀರನೆ 62ಕ್ಕೆ ಬಿದ್ದಿದೆ. ನಲವತ್ತು ಕಾಯಿನ್‌ಗೆ ಅಂಕಿ 0.99. ವ್ಯವಸ್ಥೆ ಮೂವತ್ತೈದೂವರೆ ಕಾಯಿನ್‌ಗಳನ್ನು ಮಾರಿ ಸಾಲವನ್ನೂ ದಂಡವನ್ನೂ ಹಿಡಿದುಕೊಂಡಿದೆ. ಅರ್ಧ ಗಂಟೆಯೊಳಗೆ ಬೆಲೆ ಮತ್ತೆ ಮೇಲೆ ಬಂದಿದೆ. ನಾನು ಎದ್ದು ಹಲ್ಲುಜ್ಜುವ ಹೊತ್ತಿಗೆ 74.

ನಲವತ್ತಾರಕ್ಕೆ ಲೆಕ್ಕ ಹಾಕಿದೆ. 62ರಲ್ಲಿ 1.14 ಬರುತ್ತದೆ. ಕಾಗದ ಹರಿದು ಹೊಸ ಕಾಗದದಲ್ಲಿ ಹಾಕಿದೆ. ಅಲ್ಲೂ 1.14. ಆ ಆರು ತಟ್ಟೆಯಲ್ಲಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅಳಿಯ. ಪಾಳಿ ಮುಗಿಸಿ ಓಡಿಯೇ ಬಂದಿದ್ದ, ಅಂಗಿಯೆಲ್ಲ ಬೆವರು. ಬಂದವನೇ ನನ್ನ ಮುಖ ನೋಡಿ, "ಮಾವ, ನೀವು ಹುಷಾರಾಗಿದ್ದೀರಾ? ಕೂತ್ಕೊಳ್ಳಿ ಮೊದಲು" ಎಂದ.

ನಾನು ಕೂರಲಿಲ್ಲ. ಇಷ್ಟೆಲ್ಲ ಆದ ಮೇಲೂ ನನ್ನೊಳಗಿನ ಇನ್ಸ್‌ಪೆಕ್ಟರ್ ಸುಮ್ಮನಾಗಿರಲಿಲ್ಲ. "ಆ ಆರು ಕಾಯಿನ್ ಯಾರದ್ದು? ಖಾತೆಯ ಕೀ ನಿಮ್ಮ ಕೈಗೆ ಹೇಗೆ ಸಿಕ್ತು?" ಎಂದು ಕೇಳಿದೆ.

"ಕೀ ನನ್ನ ಹತ್ರ ಇಲ್ಲ ಮಾವ. ಹಾಕೋಕೆ ಕೀ ಬೇಡ. ಖಾತೆಯ ವಿಳಾಸ ಗೊತ್ತಿದ್ರೆ ಯಾರು ಬೇಕಾದ್ರೂ ಒತ್ತೆ ನೋಡಬಹುದು, ಹಾಕಲೂಬಹುದು. ತೆಗೆಯೋಕೆ ಮಾತ್ರ ಕೀ ಬೇಕು."

"ಹಾಗಾದ್ರೆ..."

"ನಂದೇ. ಮೊದಲಿನ ಎರಡು ಕಾಯಿನ್, ರಾತ್ರಿ ಪಾಳಿಗೆ ಅಂತ ಮುಂಗಡ ತಗೊಂಡಿದ್ದು. ಆಮೇಲಿನ ನಾಲ್ಕು ಬೈಕ್ ಮಾರಿದ್ದು." ಇಷ್ಟು ಹೇಳಿ ಅಡಿಗೆಮನೆಯ ಕಡೆ ನೋಡಿದ. ನನ್ನವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ನಿನಗೂ ಗೊತ್ತಿತ್ತಾ?" ಎಂದೆ.

"ಬೈಕ್ ಮಾರಿದ್ದು ಗೊತ್ತಿತ್ತು. ಅವಳಿಗೆ ತಿಳಿದ್ರೆ ಬೇಡ ಅಂತಾಳೆ, ಕ್ಲಿನಿಕ್ ತನ್ನ ದುಡ್ಡಲ್ಲೇ ಆಗಬೇಕು ಅಂತ ಅವಳ ಹಟ. ಅದಕ್ಕೇ ಅಲ್ವಾ ಫೋನ್ ಇವನ ಕೈಗೆ ಕೊಡದೆ ನಿಮಗೆ ಕೊಟ್ಟಿದ್ದು? ನಿಮಗೆ ಹೇಳಿದ್ರೆ ನೀವು ಬೈಕಿಗೆ ರಸೀದಿ ಕೇಳ್ತಿದ್ರಿ."

ಕೇಳುತ್ತಿದ್ದೆ. ಸುಳ್ಳಲ್ಲ.

ನಾನು ಆರು ಇಳಿಸಿದ್ದು ಕಂಡು ನಿನ್ನೆ ಸಂಜೆಯೇ ಯಾಕೆ ಫೋನ್ ಮಾಡಲಿಲ್ಲ ಎಂದು ಕೇಳಿದೆ. ಕೆಲಸದ ಹೊತ್ತಿನಲ್ಲಿ ಅವರ ಫೋನುಗಳನ್ನು ಲಾಕರಿನಲ್ಲಿ ಇಡಿಸಿಕೊಳ್ಳುತ್ತಾರಂತೆ. ಬೆಳಿಗ್ಗೆ ಲಾಕರ್ ತೆಗೆದಾಗಲೇ ಕಂಡದ್ದು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆನೋ ಏನೋ. ನನ್ನವಳು ಕೊಟ್ಟ ಬ್ರೆಡ್ಡನ್ನು ತಲೆ ತಗ್ಗಿಸಿ ತಿಂದ. ಹೋಗುವಾಗ, "ಅವಳಿಗೆ ಈಗಲೇ ಹೇಳೋದು ಬೇಡ ಮಾವ. ಬಿ.ಪಿ. ಇಳಿಯಲಿ" ಎಂದ.

ಜೂನ್ 19, ಗುರುವಾರ

ಬರೆಯಲು ಏನೂ ಇಲ್ಲ.

ಜೂನ್ 20, ಶುಕ್ರವಾರ

"ಎಷ್ಟಿದೆ ಅಪ್ಪಾ?"

"ಒಂದು ಪಾಯಿಂಟ್ ಮೂರು."

ಮೂವತ್ತೊಂದು ವರ್ಷದಲ್ಲಿ ಒಂದು ಗ್ರಾಂ ಹೆಚ್ಚುಕಮ್ಮಿ ಬರೆದವನಲ್ಲ ನಾನು. ಎಷ್ಟು ಸಲೀಸಾಗಿ ಬಾಯಿಗೆ ಬಂತು! ಅಳಿಯ ಹಾಸಿಗೆಯ ಆ ಬದಿಯಲ್ಲಿ ನಿಂತು ಹೌದೆಂದು ತಲೆಯಾಡಿಸಿದ. ಮಗಳು ಕಣ್ಣು ಮುಚ್ಚಿಕೊಂಡಳು.

ಜೂನ್ 22, ಭಾನುವಾರ

ಸುಳ್ಳು ಹೇಳುವುದಕ್ಕೂ ಲೆಕ್ಕ ಬೇಕು. ಬೆಲೆ ಏರಿಳಿದಂತೆ ಅಂಕಿಯೂ ಏರಿಳಿಯಬೇಕು, ಇಲ್ಲದಿದ್ದರೆ ಇವಳು ಯಾರ ಮಗಳು, ಹಿಡಿದುಹಾಕುತ್ತಾಳೆ. ಆದ್ದರಿಂದ ಆಸ್ಪತ್ರೆಯ ಕೆಳಗಿನ ಚಹಾದಂಗಡಿಯಲ್ಲಿ ಅಳಿಯನೂ ನಾನೂ ಕೂತು ಆ ದಿನದ ಅಂಕಿ ತಯಾರಿಸುತ್ತೇವೆ. ಅವನು ಬೆಲೆ ನೋಡಿ ಗುಣಿಸುತ್ತಾನೆ, ನಾನು ಭಾಗಿಸುತ್ತೇನೆ. ಇವತ್ತು ಬೆಲೆ 76, ಅಂಕಿ 1.4 ಬಂತು. ಕಳ್ಳತೂಕದ ಅಂಗಡಿಯವರ ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಬಹುದು ಎಂದೆ. ಅಳಿಯ ನಕ್ಕ. ಮೂರು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಇದೇ ಮೊದಲು. ಮುಂದಿನದರಲ್ಲಿ ಒಂದು ಸ್ವಲ್ಪ ಮುರಿದಿದೆ. ಹೇಗಾಯಿತೆಂದು ಕೇಳಬೇಕು.

ಚಹಾದ ದುಡ್ಡು ಅವನೇ ಕೊಟ್ಟ. ಬಸ್ಸಿಗೆ ಇದೆಯಾ ಎಂದು ಕೇಳಿದೆ. ಇದೆ ಮಾವ ಎಂದ.

ಜೂನ್ 23, ಸೋಮವಾರ

ಸಿಕ್ಕಿಬಿದ್ದೆವು.

ಡಾಕ್ಟರಮ್ಮ ಬೆಳಿಗ್ಗೆ ಬಂದು ಬಿ.ಪಿ. ಹತೋಟಿಗೆ ಬಂದಿದೆ, ಹೀಗೇ ಇದ್ದರೆ ಗುರುವಾರ ಮನೆಗೆ ಹೋಗಬಹುದು ಎಂದರು. ಅವರು ಅತ್ತ ಹೋದದ್ದೇ ತಡ, ಮಗಳು ದಿಂಬಿಗೆ ಒರಗಿ ನೆಟ್ಟಗೆ ಕೂತಳು.

"ಅಪ್ಪಾ, ನಿನ್ನೆ ಎಷ್ಟು ಅಂದೆ?"

"ಒಂದು ಪಾಯಿಂಟ್ ನಾಲ್ಕು."

"ನಿನ್ನೆ ಬೆಲೆ ಎಪ್ಪತ್ತಾರು. ನರ್ಸ್ ಹತ್ರ ಅವರ ಫೋನಲ್ಲಿ ನೋಡಿಸ್ಕೊಂಡೆ. ನನ್ನ ನಲವತ್ತಕ್ಕೆ ಒಂದು ಪಾಯಿಂಟ್ ಎರಡರ ಮೇಲೆ ಚೂರು ಬರುತ್ತೆ. ಒಂದು ಪಾಯಿಂಟ್ ನಾಲ್ಕು ಹೇಗೆ ಬಂತು?"

ಆಗ ಹೊಳೆಯಿತು. ಚಹಾದಂಗಡಿಯಲ್ಲಿ ನಾವಿಬ್ಬರೂ ನಲವತ್ತಾರಕ್ಕೆ ಲೆಕ್ಕ ಹಾಕಿದ್ದೆವು. ಇಲ್ಲದ ಒತ್ತೆಯಲ್ಲಿ ಇಲ್ಲದ ಆರನ್ನೂ ಸೇರಿಸಿ ತೂಗಿದ್ದೆವು. ಅವನು ಗುಣಿಸಿದ, ನಾನು ಭಾಗಿಸಿದೆ, ಇಬ್ಬರಿಗೂ ತಪ್ಪೆಂದು ತೋಚಲಿಲ್ಲ.

ಅವಳು ಗಂಡನ ಕಡೆ ತಿರುಗಿದಳು. "ನೀವು ದುಡ್ಡು ಹಾಕಿದ್ರಾ?"

"ಹೂಂ" ಎಂದ ಅಳಿಯ.

"ಬೈಕಾ?"

ಅವನು ಹೌದೆಂದು ತಲೆಯಾಡಿಸಿದ. "ನನಗೆ ಗೊತ್ತಿತ್ತು ನೀವು ಹೀಗೇ ಮಾಡ್ತೀರಿ ಅಂತ" ಎಂದು ಅವಳು ಬೈಯಲು ಶುರುಮಾಡಿದವಳು ನಡುವೆಯೇ ಅವನ ಕೈ ಹಿಡಿದುಕೊಂಡು ಅತ್ತಳು. ಒತ್ತೆ ಉಳಿದಿದೆ, ಗಂಡ ಉಳಿಸಿದ್ದಾನೆ ಎಂದು ಅವಳು ತಿಳಿದಿದ್ದಳು. ಅಳಿಯ ನನ್ನ ಕಡೆ ನೋಡಿ ಬೇಡ ಎಂದು ಕಣ್ಣಲ್ಲೇ ಹೇಳಿದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಗುರುವಾರದವರೆಗೂ ನಡೆಯುತ್ತಿತ್ತು. ಆದರೆ ಇನ್ನು ಮೂರು ದಿನ ಅವಳು ಇಲ್ಲದ ಒತ್ತೆಯನ್ನು ನಂಬಿ ಬಾಗಿಲಿನ ಬಣ್ಣ ಯಾವುದೆಂದು ಮಾತಾಡುವುದನ್ನು ಕೇಳಿಕೊಂಡು ಕೂರುವ ಶಕ್ತಿ ನನಗಿರಲಿಲ್ಲ.

"ಹಾಕಿದ್ದು ಅವನು. ತೆಗೆದಿದ್ದು ನಾನು" ಎಂದೆ. ಫೋನ್ ತೆಗೆದು ಅವಳ ಕೈಗಿಟ್ಟೆ.

ಬಹಳ ಹೊತ್ತು ನೋಡಿದಳು. ಬೆರಳಿಂದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿದಳು. ಮುಖ ಬಿಳುಚಿಕೊಂಡಿತು. ನರ್ಸನ್ನು ಕರೆಯಲೇ ಎಂದು ಅಳಿಯ ಎದ್ದ, ಬೇಡ ಎಂದು ಕೈ ಅಡ್ಡ ಹಿಡಿದಳು.

"ಯಾಕಪ್ಪಾ ತೆಗೆದೆ?"

"ಅನುಮಾನ ಬಂತು."

"ಇವರ ಮೇಲಾ?"

ಹೌದು ಎಂದೆ. ಅವನ ಎದುರಿಗೇ ಹೇಳಿದೆ. ನನಗೆ ಅಳು ಬಂತು. ಮಗಳ ಮುಂದೆ, ಅಳಿಯನ ಮುಂದೆ, ಪಕ್ಕದ ಹಾಸಿಗೆಯ ಹೆಂಗಸಿನ ಮುಂದೆ ನಾಚಿಕೆ ಬಿಟ್ಟು ಅತ್ತೆ. ಮಗಳು ಸಮಾಧಾನ ಮಾಡಲಿಲ್ಲ. ಮಾಡಬೇಕೆಂದು ನಾನು ಬಯಸಲೂ ಇಲ್ಲ.

"ಗೋಡೆಗಳನ್ನ ವಾಪಸ್ ಕೊಡಬೇಕಾಗುತ್ತೆ" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. "ಆ ಆರು ಎಲ್ಲಿವೆ?"

"ವಾಲೆಟ್‌ನಲ್ಲೇ ಇವೆ. ಮುಟ್ಟಿಲ್ಲ."

"ಅದು ಇವರದ್ದು. ಇವರಿಗೆ ಕಳಿಸು. ಈಗಲೇ, ನನ್ನ ಮುಂದೆ." ಫೋನನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

"ಈಗ್ಯಾಕೆ, ಆಮೇಲೆ ನೋಡೋಣ" ಎಂದ ಅಳಿಯ.

"ನೀನು ಸುಮ್ನಿರು" ಎಂದೆ. ಅವನ ವಿಳಾಸ ಕೇಳಿದೆ. ಒಂದು ಚೀಟಿಯಲ್ಲಿ ಬರೆದುಕೊಟ್ಟ, ಗೇಣುದ್ದದ ಅಕ್ಷರಗಳ ಸಾಲು. ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಒತ್ತಿದೆ. ಎರಡು ಸಲ ಅಳಿಸಿ ಬರೆದೆ. ಒಂದಕ್ಷರ ತಪ್ಪಿದರೂ ಆ ಆರೂ ಎಲ್ಲಿ ಹೋದವೆಂದು ಯಾರಿಗೂ ತಿಳಿಯುವುದಿಲ್ಲವಂತೆ. ಖಚಿತವೇ ಎಂದು ಫೋನ್ ಕೇಳಿತು. ಒತ್ತಿದೆ.

"ಬಂತಾ, ನೋಡಿ" ಎಂದಳು ಮಗಳು ಗಂಡನಿಗೆ.

ಅವನ ಫೋನ್ ಕಿಟಕಿಯ ಹತ್ತಿರ ಚಾರ್ಜಿಗೆ ಹಾಕಿತ್ತು. ಅವನು ಅತ್ತ ತಿರುಗಲೂ ಇಲ್ಲ. ನನಗೆ ಕೂರಲು ಸ್ಟೂಲನ್ನು ಎಳೆದು ಹಾಕುತ್ತಾ, "ಬಂದಿರುತ್ತೆ ಬಿಡು. ಮಾವ ಕಳಿಸಿದ್ದಾರಲ್ಲ" ಎಂದ.